ಒಬ್ಬ ಮಂಜು, ನಾಲ್ಕು ಫೈಲು

ಮೊನ್ನೆ ಶುಕ್ರವಾರ ಸಂಜೆ ಏಳಕ್ಕೆ ಕಂಪ್ಯೂಟರ್ ಆಫ್ ಮಾಡಿ, ಪೀಣ್ಯ ಇಂಡಸ್ಟ್ರಿ ಮೆಟ್ರೋ ಸ್ಟೇಷನ್ ಕಡೆ ನಡೆದೆ. ಮೂರು ವಾರದಿಂದ ತಲೆ ತಿಂದ ಕೆಲಸ ಅವತ್ತು ಮುಗಿದಿತ್ತು. ಕೆಲಸದ ವೇಳಾಪಟ್ಟಿ ಹಾಕುವ ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಸಾಫ್ಟ್‌ವೇರ್‌ನಲ್ಲಿ ನಮ್ಮ ನಾಲ್ಕು ಫೈಲ್‌ಗಳಿಗೂ ಜನರ ಪಟ್ಟಿ ಒಂದೇ ಮಾಡುವ ಕೆಲಸ ಅದು. ಶುರು ಮಾಡುವಾಗ ಇದು ಒಂದು ಮಧ್ಯಾಹ್ನದ ಕೆಲಸ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಬಟನ್ ಒತ್ತುವ ಕೆಲಸ ಒಂದು ಮಧ್ಯಾಹ್ನದ್ದೇ. ಮಿಕ್ಕಿದ್ದೆಲ್ಲ ನಾನೇ ಮಾಡಿಕೊಂಡ ಎಡವಟ್ಟು ಮತ್ತು ಆಫೀಸಿನ ಜಗಳ. ಇದೇ ದಾರಿಯಲ್ಲಿ ಹೊರಟವರು ನನ್ನ ಹಾಗೆ ಎಡವದಿರಲಿ ಅಂತ ಬರೆಯುತ್ತಿದ್ದೇನೆ.

ನಮ್ಮದು ಪೀಣ್ಯದ ಸಣ್ಣ ಕಂಪನಿ. ಎಸ್‌ಪಿಎಂ ಮಾಡುತ್ತೇವೆ. ಅಂದರೆ ಗಿರಾಕಿಯ ಒಂದೇ ಒಂದು ಕೆಲಸಕ್ಕೆಂದು ಅಳತೆ ಕೊಟ್ಟು ಹೊಲಿಸಿದ ಹಾಗೆ ಕಟ್ಟಿಕೊಡುವ ಮೆಷಿನ್. ಡಿಸೈನ್, ಮೆಷಿನಿಂಗ್, ಅಸೆಂಬ್ಲಿ, ಪ್ಯಾನೆಲ್ ವೈರಿಂಗ್, ಪಿಎಲ್‌ಸಿ (ಮೆಷಿನ್ ನಡೆಸುವ ಪುಟ್ಟ ಕಂಪ್ಯೂಟರ್) ಪ್ರೋಗ್ರಾಂ, ಟ್ರಯಲ್, ಡಿಸ್ಪ್ಯಾಚ್. ಒಂದೊಂದಕ್ಕೂ ನಾಲ್ಕೈದು ತಿಂಗಳು. ಪ್ರತಿ ಆರ್ಡರ್‌ಗೂ ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಲ್ಲಿ ಒಂದು ಫೈಲ್. ಸದ್ಯಕ್ಕೆ ನಾಲ್ಕು ಆರ್ಡರ್ ಓಡುತ್ತಿವೆ. ಎರಡು ಫೈಲ್ ನನ್ನದು, ಎರಡು ನನ್ನ ಜೊತೆ ಪ್ಲಾನಿಂಗ್ ನೋಡುವ ಮೇಡಂದು.

ಪಿಎಲ್‌ಸಿ ಪ್ರೋಗ್ರಾಂ ಬರೆಯುವವನು ಮಾತ್ರ ಇಡೀ ಕಂಪನಿಗೆ ಒಬ್ಬನೇ. ಅವನನ್ನು ಇಲ್ಲಿ ಮಂಜು ಅಂತ ಕರೆಯೋಣ. ಒಂದು ಬುಧವಾರ ಅವನು ನನ್ನ ಟೇಬಲ್ ಹತ್ತಿರ ಬಂದು ನಿಂತ.

"ಸಾರ್, ಸೋಮವಾರ ನಾನು ಹೊಸೂರಲ್ಲಿ ಇರ್ಬೇಕಾ, ದಾಬಸ್‌ಪೇಟೆಯಲ್ಲಿ ಇರ್ಬೇಕಾ?"

ಎರಡೂ ನಮ್ಮ ಗಿರಾಕಿಗಳ ಊರು. ಎರಡರ ಫೈಲೂ ತೆಗೆದು ನೋಡಿದೆ. ಹೊಸೂರಿನ ಫೈಲ್‌ನಲ್ಲಿ ಸೋಮವಾರದಿಂದ ಶನಿವಾರದ ತನಕ ಮಂಜು ಟ್ರಯಲ್‌ನಲ್ಲಿದ್ದಾನೆ. ದಾಬಸ್‌ಪೇಟೆಯ ಫೈಲ್‌ನಲ್ಲೂ ಅದೇ ಆರು ದಿನ ಇದ್ದಾನೆ. ಹೊರೆ ಮೀರಿದರೆ ಪ್ರಾಜೆಕ್ಟ್ ಹೆಸರನ್ನು ಕೆಂಪಗೆ ತೋರಿಸುತ್ತದೆ. ಎರಡರಲ್ಲೂ ಅವನ ಹೆಸರು ಕಪ್ಪಗೇ ಇದೆ, ಒಂದು ಕೆಂಪು ಅಕ್ಷರವೂ ಇಲ್ಲ. ಇರುವುದಾದರೂ ಹೇಗೆ? ಒಂದು ಫೈಲ್‌ನ ಮಂಜು ಇನ್ನೊಂದು ಫೈಲ್‌ನ ಮಂಜುವನ್ನು ನೋಡಿಯೇ ಇಲ್ಲ. ನಾಲ್ಕು ಫೈಲ್‌ನಲ್ಲಿ ನಾಲ್ಕು ಮಂಜು, ಒಬ್ಬೊಬ್ಬನಿಗೂ ದಿನಕ್ಕೆ ಎಂಟು ಗಂಟೆ.

ಇದಕ್ಕೆ ಮದ್ದು ರಿಸೋರ್ಸ್ ಪೂಲ್. ಜನ ಮತ್ತು ಮೆಷಿನ್‌ಗಳ ಹೆಸರು ಮಾತ್ರ ಇರುವ, ಒಂದು ಟಾಸ್ಕ್ ಕೂಡ ಇಲ್ಲದ ಬೇರೆಯೇ ಫೈಲ್ ಅದು. ಮಿಕ್ಕ ಫೈಲ್‌ಗಳು ತಮ್ಮ ಜನರನ್ನು ಅಲ್ಲಿಂದ ಎರವಲು ಪಡೆಯುತ್ತವೆ. ಆಗ ಮಂಜು ಒಬ್ಬನೇ ಆಗುತ್ತಾನೆ. ಸರ್ವರ್ ಇಟ್ಟುಕೊಂಡ ದೊಡ್ಡ ಕಂಪನಿಗಳಿಗೆ ಎಂಟರ್‌ಪ್ರೈಸ್ ಪೂಲ್ ಅಂತ ಬೇರೆ ವ್ಯವಸ್ಥೆ ಇದೆ. ನಮ್ಮಂಥ ಇಬ್ಬರು ಪ್ಲಾನರ್‌ಗಳ ಕಂಪನಿಗೆ ಅಷ್ಟೆಲ್ಲ ಬೇಡ. ಯಾರಾದರೂ ಅದರ ಇಂಟರ್ನೆಟ್ ರೂಪವಾದ ಪ್ರಾಜೆಕ್ಟ್ ಆನ್‌ಲೈನ್ ತಗೊಳ್ಳಿ ಅಂದರೆ ಒಂದು ನಿಮಿಷ ನಿಲ್ಲಿ. ಅದನ್ನು 2026ರ ಸೆಪ್ಟೆಂಬರ್ 30ಕ್ಕೆ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ ಹೇಳಿಬಿಟ್ಟಿದೆ.

ಮೊದಲ ವಾರ ಪೂರ್ತಿ ಹೋಗಿದ್ದು ಹೆಸರುಗಳಿಗೆ. ನಾಲ್ಕೂ ಫೈಲ್‌ಗಳ ರಿಸೋರ್ಸ್ ಶೀಟ್, ಅಂದರೆ ಜನ ಮತ್ತು ಮೆಷಿನ್‌ಗಳ ಪಟ್ಟಿ, ಕಾಪಿ ಮಾಡಿ ಎಕ್ಸೆಲ್‌ಗೆ ಹಾಕಿ ಅಕಾರಾದಿಯಲ್ಲಿ ಜೋಡಿಸಿದೆ. ಒಟ್ಟು 31 ಬೇರೆ ಬೇರೆ ಹೆಸರು ಬಂತು. ಶಾಪ್ ಫ್ಲೋರ್‌ಗೆ ಇಳಿದು ತಲೆ ಎಣಿಸಿದರೆ ಜನ, ಮೆಷಿನ್ ಎಲ್ಲ ಸೇರಿ 17. ಒಂದು ಫೈಲ್‌ನಲ್ಲಿ 'ಮಂಜು', ಇನ್ನೊಂದರಲ್ಲಿ 'ಮಂಜುನಾಥ್', ಮೇಡಂ ಫೈಲ್‌ನಲ್ಲಿ 'ಪಿಎಲ್‌ಸಿ'. ಲೋಹ ಕೊರೆಯುವ ದೊಡ್ಡ ವಿಎಂಸಿ ಮೆಷಿನ್‌ಗೆ ಮೂರು ಹೆಸರು. ಎಲ್ಲಕ್ಕಿಂತ ತಲೆಕೆಡಿಸಿದ್ದು ಒಬ್ಬ ಡಿಸೈನರ್‌ದು. ಎರಡು ಫೈಲ್‌ನಲ್ಲೂ ಅವರ ಹೆಸರು ಒಂದೇ ಥರ ಕಾಣುತ್ತದೆ, ಆದರೆ ಎಕ್ಸೆಲ್ ಎರಡೆಂದು ಎಣಿಸುತ್ತದೆ. ಅರ್ಧ ಗಂಟೆ ಕಣ್ಣು ಕೀಲಿಸಿ ನೋಡಿದೆ. ಕೊನೆಗೆ ಎಕ್ಸೆಲ್‌ನ ಲೆನ್ ಫಾರ್ಮುಲಾ ಹಾಕಿ ಅಕ್ಷರ ಎಣಿಸಿದರೆ ಒಂದರಲ್ಲಿ ಒಂದು ಅಕ್ಷರ ಜಾಸ್ತಿ. ಹೆಸರಿನ ಕೊನೆಯಲ್ಲಿ ಒಂದು ಸ್ಪೇಸ್ ಕೂತಿತ್ತು!

ಪ್ರಾಜೆಕ್ಟ್ ಜನರನ್ನು ಗುರುತಿಸುವುದು ಹೆಸರಿನಿಂದ. ಹೆಸರು ಒಂದು ಚೂರು ಬೇರೆಯಾದರೂ ಅದಕ್ಕೆ ಬೇರೆ ಮನುಷ್ಯ. ಆದ್ದರಿಂದ ಪೂಲ್‌ಗೆ ಸೇರಿಸುವ ಮುಂಚೆಯೇ, ಹಳೆಯ ಫೈಲ್‌ಗಳ ಒಳಗೇ, ಇದನ್ನು ಸರಿ ಮಾಡಿ. ಬರೀ ಹೆಸರು ಬೇರೆ ಇದ್ದರೆ ರಿಸೋರ್ಸ್ ಶೀಟ್‌ನಲ್ಲಿ ತಿದ್ದಿದರೆ ಆಯಿತು. ಒಂದೇ ಫೈಲ್‌ನಲ್ಲಿ ಒಬ್ಬನೇ ಎರಡು ಹೆಸರಲ್ಲಿದ್ದರೆ ಅಸೈನ್ ರಿಸೋರ್ಸಸ್ ಡಬ್ಬಿ ತೆಗೆದು ರಿಪ್ಲೇಸ್ ಒತ್ತಿ, ಒಬ್ಬನ ಕೆಲಸ ಇನ್ನೊಬ್ಬನಿಗೆ ದಾಟಿಸಿ, ಆಮೇಲೆ ಖಾಲಿಯಾದ ಹೆಸರನ್ನು ಅಳಿಸಿ. ಆಮೇಲೆ ನೋಡೋಣ ಅಂತ ಬಿಟ್ಟು, ಪೂಲ್‌ನಲ್ಲಿ ನೇರವಾಗಿ ಡಿಲೀಟ್ ಹೊಡೆಯಬೇಡಿ. ಆ ಕೆಲಸಗಳಿಂದ ಆಳೇ ಮಾಯವಾಗುತ್ತಾನೆ.

ಇಲ್ಲೇ ಇನ್ನೊಂದು ತೀರ್ಮಾನವೂ ಆಗಬೇಕು. ನಮ್ಮಲ್ಲಿ ಮೂವರು ಫಿಟ್ಟರ್‌ಗಳು. ಯಾವ ಕೆಲಸಕ್ಕೆ ಯಾರನ್ನು ಹಾಕಿದರೂ ನಡೆಯುತ್ತದೆ. ಹಾಗಾಗಿ 'ಫಿಟ್ಟರ್' ಅಂತ ಒಂದೇ ಸಾಲು ಬರೆದು ಮ್ಯಾಕ್ಸ್ ಯುನಿಟ್ಸ್ 300% (ಒಬ್ಬರಿಗೆ 100%ರಂತೆ) ಅಂತ ಕೊಟ್ಟೆ. ವಿಎಂಸಿ ಎರಡಿದ್ದರೂ ಅವನ್ನು ಹಾಗೆ ಸೇರಿಸಲಿಲ್ಲ. ದೊಡ್ಡ ಬೇಸ್ ಪ್ಲೇಟ್ ಕೂರುವುದು ಒಂದರ ಮೇಲೆ ಮಾತ್ರ.

ಕ್ಯಾಲೆಂಡರ್ ವಿಷಯ ಚಿಕ್ಕದು, ಆದರೆ ಬಿಟ್ಟರೆ ಕೆಡುತ್ತದೆ. ಪ್ರಾಜೆಕ್ಟ್‌ನ ಸ್ಟ್ಯಾಂಡರ್ಡ್ ಕ್ಯಾಲೆಂಡರ್‌ಗೆ ಶನಿವಾರ ರಜೆ. ನಮಗೆ ಶನಿವಾರವೂ ಕೆಲಸ, ಆಯುಧ ಪೂಜೆಯಂಥ ದಿನ ಮಾತ್ರ ಒಂದು ಮೆಷಿನ್ನೂ ತಿರುಗುವುದಿಲ್ಲ. 'ಪೀಣ್ಯ ಆರು ದಿನ' ಅಂತ ಹೊಸ ಕ್ಯಾಲೆಂಡರ್ ಮಾಡಿ, ಆಗಸ್ಟ್ 15, ಗಣೇಶ ಹಬ್ಬ, ಆಯುಧ ಪೂಜೆ, ನವೆಂಬರ್ 1 ಎಲ್ಲ ಹಾಕಿ, ಪೂಲ್‌ನಲ್ಲಿ ಎಲ್ಲರಿಗೂ ಅದನ್ನೇ ಕೊಟ್ಟೆ. ಅಷ್ಟಕ್ಕೇ ಮುಗಿಯಿತು ಅಂದುಕೊಂಡರೆ ತಪ್ಪು. ಜನ ಇಲ್ಲದ ಟಾಸ್ಕ್‌ಗಳು, ಉದಾಹರಣೆಗೆ ಹೊರಗಿನಿಂದ ತರಿಸುವ ಸ್ಪಿಂಡಲ್‌ಗೆ ಕಾಯುವ ದಿನಗಳು, ಆಯಾ ಫೈಲ್‌ನ ಪ್ರಾಜೆಕ್ಟ್ ಕ್ಯಾಲೆಂಡರ್ ಪ್ರಕಾರ ನಡೆಯುತ್ತವೆ. ಆರ್ಗನೈಸರ್‌ನಿಂದ ನಾಲ್ಕೂ ಫೈಲ್‌ಗೆ ಇದೇ ಕ್ಯಾಲೆಂಡರ್ ಕಾಪಿ ಮಾಡಿ, ಪ್ರಾಜೆಕ್ಟ್ ಇನ್‌ಫರ್ಮೇಷನ್‌ನಲ್ಲಿ ಅದನ್ನೇ ಆರಿಸಬೇಕು. ಆಪ್ಷನ್ಸ್‌ನಲ್ಲಿ ವಾರಕ್ಕೆ 40 ಗಂಟೆ ಅಂತ ಇರುವುದನ್ನು 48 ಮಾಡಬೇಕು. ಇಲ್ಲದಿದ್ದರೆ ನೀವು 'ಒಂದು ವಾರ' ಅಂತ ಬರೆದದ್ದನ್ನು ಅದು ಐದೇ ದಿನ ಅಂತ ಲೆಕ್ಕ ಹಾಕುತ್ತದೆ.

ಈಗ ಜಗಳದ ಕಥೆ. ರಿಸೋರ್ಸ್ ಶೀಟ್‌ನಲ್ಲಿ ಸ್ಟ್ಯಾಂಡರ್ಡ್ ರೇಟ್ ಅಂತ ಒಂದು ಕಾಲಂ ಇದೆ. ಪೂಲ್ ಮಾಡುತ್ತಿದ್ದೇನೆ, ಖರ್ಚಿನ ಲೆಕ್ಕವೂ ಸಿಗಲಿ ಅಂತ ಅಕೌಂಟ್ಸ್‌ನವರಿಂದ ಸಂಬಳದ ಪಟ್ಟಿ ತಂದು, ಗಂಟೆಗೆ ಭಾಗಿಸಿ, ಒಬ್ಬೊಬ್ಬರ ಎದುರಿಗೂ ಬರೆದೆ. ಫೈಲನ್ನು ಎಲ್ಲರೂ ಬಳಸುವ ಡ್ರೈವ್‌ನಲ್ಲಿಟ್ಟೆ. ಮಾರನೇ ದಿನ ಟೀ ಟೈಮ್‌ಗೆ ಅಸೆಂಬ್ಲಿ ಇನ್‌ಚಾರ್ಜ್ ಬಂದರು. ಹದಿನಾಲ್ಕು ವರ್ಷದಿಂದ ಅಲ್ಲೇ ಇರುವವರು. ಕೂಗಾಡಲಿಲ್ಲ. "ನಿಮ್ಮ ಶೀಟ್ ನೋಡ್ದೆ. ಹೋದ ವರ್ಷ ಬಂದ ಡಿಸೈನ್ ಹುಡುಗಂಗೆ ನನಗಿಂತ ಜಾಸ್ತಿ ಬರುತ್ತೆ ಅಂತ ಗೊತ್ತಿರ್ಲಿಲ್ಲ," ಅಂದು ಲೋಟ ಕೆಳಗಿಟ್ಟು ಹೋದರು. ಬೈದಿದ್ದರೆ ವಾಸಿಯಿತ್ತು. ಮುಂದಿನ ಎರಡು ದಿನ ಅವರ ಮುಖ ನೋಡಲು ನನಗೆ ಆಗಲಿಲ್ಲ. ಓನರ್ ಕರೆದು ಉಗಿದದ್ದು ಬೇರೆ. ಪೂಲ್ ಫೈಲ್ ಯಾರ ಕೈಗೆ ಸಿಗುತ್ತದೋ ಅವರಿಗೆಲ್ಲ ಆ ಕಾಲಂ ಕಾಣುತ್ತದೆ. ಈಗ ನಮ್ಮ ಪೂಲ್‌ನಲ್ಲಿ ಹೆಸರಿನ ಎದುರು ಸಂಬಳ ಇಲ್ಲ. ಡಿಸೈನ್‌ಗೆ ಇಷ್ಟು, ಅಸೆಂಬ್ಲಿಗೆ ಇಷ್ಟು ಅಂತ ಕೊಟೇಷನ್‌ನಲ್ಲಿ ಹಾಕುವ ಶಾಪ್ ರೇಟ್ ಮಾತ್ರ. ನೀವು ಮೊದಲೇ ಹಾಗೆ ಮಾಡಿ. ಇಲ್ಲವಾದರೆ ಖಾಲಿ ಬಿಡಿ, ನಿಮ್ಮ ಗಂಟೇನೂ ಹೋಗುವುದಿಲ್ಲ.

ಜೋಡಿಸುವ ಕೆಲಸ ಎರಡನೇ ವಾರದ ಮಂಗಳವಾರ. ಪೂಲ್ ಫೈಲನ್ನೂ ಹೊಸೂರು ಫೈಲನ್ನೂ ಒಟ್ಟಿಗೆ ತೆರೆದಿಟ್ಟುಕೊಂಡೆ. ಹೊಸೂರು ಫೈಲ್‌ನಲ್ಲಿ ನಿಂತು ರಿಸೋರ್ಸ್ ಟ್ಯಾಬ್, ರಿಸೋರ್ಸ್ ಪೂಲ್, ಶೇರ್ ರಿಸೋರ್ಸಸ್. ಅಲ್ಲಿ ಯೂಸ್ ರಿಸೋರ್ಸಸ್ ಆರಿಸಿ, ಪಟ್ಟಿಯಿಂದ ಪೂಲ್ ಫೈಲ್ ಹೆಸರು ಒತ್ತಬೇಕು. ಪೂಲ್ ಫೈಲ್ ತೆರೆದಿಲ್ಲದಿದ್ದರೆ ಆ ಪಟ್ಟಿಯಲ್ಲಿ ಅದರ ಹೆಸರೇ ಬರುವುದಿಲ್ಲ. ಕೆಳಗೆ ಇನ್ನೊಂದು ಪ್ರಶ್ನೆ: ಎರಡು ಕಡೆ ಮಾಹಿತಿ ಬೇರೆ ಬೇರೆ ಇದ್ದರೆ ಯಾರ ಮಾತು ನಡೆಯಬೇಕು? ಪೂಲ್ ಟೇಕ್ಸ್ ಪ್ರೆಸಿಡೆನ್ಸ್ ಅಂತಲೇ ಇರಲಿ. ಇಲ್ಲದಿದ್ದರೆ ವಾರ ಪೂರ್ತಿ ಒರೆಸಿ ಇಟ್ಟ ಪೂಲ್‌ನೊಳಗೆ ಹಳೆಯ ಫೈಲ್‌ನ ಧೂಳು ಬಂದು ಬೀಳುತ್ತದೆ. ನಾಲ್ಕೂ ಫೈಲ್ ಜೋಡಿಸಲು ನಲವತ್ತು ನಿಮಿಷವೂ ಆಗಲಿಲ್ಲ.

ಆಮೇಲೆ, ಯಾರಿಗೆ ಯಾವ ದಿನ ಎಷ್ಟು ಗಂಟೆ ಕೆಲಸ ಅಂತ ತೋರಿಸುವ ರಿಸೋರ್ಸ್ ಯೂಸೇಜ್ ವ್ಯೂ ತೆರೆದೆ. ಮಂಜು ಸಾಲು ಉದ್ದಕ್ಕೂ ಕೆಂಪು. ಮುಂದಿನ ಸೋಮವಾರ 16 ಗಂಟೆ. ಅದರಾಚೆ ವಾರದ ಒಂದು ಗುರುವಾರ 32 ಗಂಟೆ. ನಾಲ್ಕೂ ಆರ್ಡರ್‌ಗಳು ಒಂದೇ ದಿನ ಅವನನ್ನು ಕೇಳುತ್ತಿದ್ದವು. ಮೇಡಂ ನನ್ನ ಕುರ್ಚಿ ಹಿಂದೆ ನಿಂತು ನೋಡುತ್ತಿದ್ದರು. ಇಬ್ಬರಿಗೂ ಮಾತು ಹೊರಡಲಿಲ್ಲ. ಮಂಜು ಆರು ತಿಂಗಳಿಂದ ಹೇಳುತ್ತಾ ಬಂದದ್ದು ಇದನ್ನೇ. ಅವನು ಸುಮ್ನೆ ಗೊಣಗುತ್ತಾನೆ ಅಂದುಕೊಂಡಿದ್ದೆವು.

ಇಷ್ಟಾದ ಮೇಲೆ ಕೈ ತಡೆಯದೆ ಲೆವೆಲಿಂಗ್ ಒತ್ತಲು ಹೊರಟೆ. ಹೊರೆ ಮೀರಿದ ಕಡೆ ಕೆಲಸವನ್ನು ತಾನೇ ಮುಂದಕ್ಕೆ ಸರಿಸುವ ಬಟನ್ ಅದು. ಪೂಲ್ ಒಂದನ್ನೇ ತೆರೆದರೆ ಯಾರಿಗೆ ಎಷ್ಟು ಹೊರೆ ಅಂತ ನೋಡಬಹುದು, ಕೆಲಸ ಸರಿಸಲು ಆಗುವುದಿಲ್ಲ. ಪೂಲ್ ಫೈಲ್ ತೆರೆಯುವಾಗ ಪ್ರಾಜೆಕ್ಟ್ ಮೂರು ದಾರಿ ತೋರಿಸುತ್ತದೆ. ಮೊದಲನೆಯದು ರೀಡ್ ಓನ್ಲಿ, ಪೂಲನ್ನು ನೋಡಲು ಮಾತ್ರ. ಎರಡನೆಯದು ರೀಡ್ ರೈಟ್, ತಿದ್ದಲೂ ಬಹುದು. ಮೂರನೆಯದು ಪೂಲ್ ಜೊತೆಗೆ ಎಲ್ಲ ಫೈಲ್‌ಗಳನ್ನೂ ಸೇರಿಸಿ ಹೊಸ ಮಾಸ್ಟರ್ ಫೈಲ್ ಮಾಡಿ ತೆರೆಯುವುದು. ಲೆವೆಲಿಂಗ್‌ಗೆ ಈ ಮೂರನೆಯದೇ ಬೇಕು. ತೆರೆದೆ, ಲೆವೆಲ್ ಆಲ್ ಒತ್ತಿದೆ. ಕೆಂಪು ಬಹಳಷ್ಟು ಹೋಯಿತು. ಜೊತೆಗೆ ಹೊಸೂರು ಮೆಷಿನ್ ಐದು ವಾರ ಮುಂದಕ್ಕೆ ಹೋಯಿತು. ಅದು ನಮ್ಮ ಅತಿ ಅರ್ಜೆಂಟ್ ಆರ್ಡರ್. ಕ್ಲಿಯರ್ ಲೆವೆಲಿಂಗ್ ಅಂತ ಒಂದು ಬಟನ್ ಇದೆ, ಪುಣ್ಯಕ್ಕೆ.

ಯಾಕೆ ಹೀಗಾಯಿತು ಅಂತ ನೋಡಿದರೆ, ನಾಲ್ಕೂ ಪ್ರಾಜೆಕ್ಟ್‌ಗಳ ಪ್ರಯಾರಿಟಿ 500. ಯಾರೂ ಮುಟ್ಟದಿದ್ದರೆ ಅದು 500ರಲ್ಲೇ ಇರುತ್ತದೆ. ಯಾವುದು ಮುಖ್ಯ ಅಂತ ನಾವು ಹೇಳಿರಲೇ ಇಲ್ಲ, ಅದು ತನಗೆ ತೋಚಿದ ಹಾಗೆ ಸರಿಸಿತ್ತು. ಆ ನಂಬರ್ ಕೊಡುವುದು ಪ್ಲಾನರ್ ಕೆಲಸ ಅಲ್ಲ ಅಲ್ವಾ? ಓನರ್ ಹತ್ತಿರ ಹೋದೆವು. 0ಯಿಂದ 1000ದ ತನಕ ಕೊಡಬಹುದು, ಜಾಸ್ತಿ ಇದ್ದದ್ದು ಮೊದಲು ಅಂತ ವಿವರಿಸಿದೆ. ಅವರು ಒಂದು ಕ್ಷಣವೂ ಯೋಚಿಸದೆ, "ನಾಲ್ಕಕ್ಕೂ 1000 ಹಾಕಿ," ಅಂದರು. 1000 ಅಂದರೆ ಇದನ್ನು ಮುಟ್ಟಲೇಬೇಡ ಅಂತ ಅರ್ಥ, ನಾಲ್ಕಕ್ಕೂ ಹಾಕಿದರೆ ಒಂದೂ ಅಲ್ಲಾಡುವುದಿಲ್ಲ ಅಂತ ಹೇಳಿ ಒಪ್ಪಿಸಲು ಮುಕ್ಕಾಲು ಗಂಟೆ ಬೇಕಾಯಿತು. ಕೊನೆಗೆ ಹೊಸೂರಿಗೆ 800, ದಾಬಸ್‌ಪೇಟೆಗೆ 600, ಉಳಿದ ಎರಡಕ್ಕೆ 500, 400. ಲೆವೆಲಿಂಗ್ ಆಪ್ಷನ್ಸ್‌ನಲ್ಲಿ ಲೆವೆಲಿಂಗ್ ಆರ್ಡರ್ (ಸರಿಸುವ ಸರದಿ) ಅನ್ನುವ ಕಡೆ ಪ್ರಯಾರಿಟಿ, ಸ್ಟ್ಯಾಂಡರ್ಡ್ ಅಂತ ಆರಿಸಿದರೆ ಈ ನಂಬರನ್ನೇ ಮೊದಲು ನೋಡುತ್ತದೆ.

ಇನ್ನೂ ಒಂದಿಷ್ಟು ಕೆಂಪು ಹೋಗಲೇ ಇಲ್ಲ. ಆ ಸಾಲುಗಳನ್ನು ನೋಡಿದರೆ ಎಲ್ಲ ಡಿಸ್ಪ್ಯಾಚ್ ಹತ್ತಿರದ ಕೆಲಸಗಳು. ಗಿರಾಕಿಗೆ ಕೊಟ್ಟ ತಾರೀಖು ತಪ್ಪಬಾರದು ಅಂತ ನಾನೇ ಹಿಂದೆ ಅವಕ್ಕೆ ಮಸ್ಟ್ ಫಿನಿಶ್ ಆನ್ ಅಂತ ಮೊಳೆ ಹೊಡೆದಿದ್ದೆ. ಮೊಳೆ ಹೊಡೆದ ಟಾಸ್ಕನ್ನು ಲೆವೆಲಿಂಗ್ ಸರಿಸುವುದಿಲ್ಲ. ಅವನ್ನೆಲ್ಲ ಕಿತ್ತು, ಆ ತಾರೀಖನ್ನು ಡೆಡ್‌ಲೈನ್ ಕಾಲಂನಲ್ಲಿ ಹಾಕಿದೆ. ಡೆಡ್‌ಲೈನ್ ಕೆಲಸವನ್ನು ಕಟ್ಟಿಹಾಕುವುದಿಲ್ಲ, ತಾರೀಖು ದಾಟಿದರೆ ಪಕ್ಕದಲ್ಲಿ ಕೆಂಪು ಗುರುತು ತೋರಿಸುತ್ತದೆ ಅಷ್ಟೆ. ಈ ಸಲ ಲೆವೆಲ್ ಮಾಡಿದಾಗ ಹೊಸೂರು ನಿಂತಲ್ಲೇ ನಿಂತಿತು. ದಾಬಸ್‌ಪೇಟೆ ಎರಡು ವಾರ ಹೋಯಿತು. ಅಲ್ಲಿಗೆ ಫೋನ್ ಮಾಡಿದ್ದು ಮೇಡಂ. ಹತ್ತು ನಿಮಿಷ ಬೈಸಿಕೊಂಡರು. "ಸೋಮವಾರ ಬೆಳಿಗ್ಗೆ ಯಾರೂ ಬರದೇ ಇದ್ದಾಗ ಬೈಸಿಕೊಳ್ಳೋದಕ್ಕಿಂತ ಇದು ಮೇಲು," ಅಂದರು.

ಇಲ್ಲಿಗೆ ಮುಗಿಯಬೇಕಿತ್ತು. ಅದೇ ವಾರದ ಕೊನೆಗೆ ಮಂಜು ಮತ್ತೆ ಕೆಂಪಾದ. ಯಾರೂ ಹೊಸ ಕೆಲಸ ಹಾಕಿಲ್ಲ, ಆದರೂ ದಿನಕ್ಕೆ 16 ಗಂಟೆ. ಎಲ್ಲ ಲೆಕ್ಕವೂ ಸರಿಯಾಗಿ ಎರಡರಷ್ಟು. ಎರಡು ಸಂಜೆ ಕೂತು ಹುಡುಕಿದೆ, ಸಿಗಲಿಲ್ಲ. ಮೂರನೇ ಸಂಜೆ ಮೇಡಂ ರಿಸೋರ್ಸ್ ಯೂಸೇಜ್‌ನಲ್ಲಿ ಪ್ರಾಜೆಕ್ಟ್ ಅನ್ನುವ ಕಾಲಂ ಸೇರಿಸಿ ನೋಡಿದರು. ಯಾವ ಕೆಲಸ ಯಾವ ಫೈಲ್‌ನಿಂದ ಬಂದಿದೆ ಅಂತ ಅದು ತೋರಿಸುತ್ತದೆ. ಮಂಜುವಿನ ಕೆಳಗೆ 'ಹೊಸೂರು' ಅಂತ ಒಂದು, 'ಹೊಸೂರು ಬ್ಯಾಕಪ್' ಅಂತ ಇನ್ನೊಂದು.

ಬ್ಯಾಕಪ್ ಮಾಡಿದ್ದು ನಾನೇ. ಪ್ರತಿ ಶುಕ್ರವಾರ ಸೇವ್ ಆ್ಯಸ್ ಕೊಟ್ಟು ಒಂದು ಕಾಪಿ ಇಡುವುದು ನನ್ನ ಹಳೆಯ ಅಭ್ಯಾಸ. ಪೂಲ್‌ಗೆ ಕಟ್ಟಿದ ಫೈಲನ್ನು ಹಾಗೆ ಸೇವ್ ಮಾಡಿದರೆ ಆ ಕಾಪಿಯೂ ಪೂಲ್‌ಗೆ ನೆಂಟನಾಗುತ್ತದೆ. ಒಂದು ಮೆಷಿನ್‌ಗೆ ಎರಡು ಮೆಷಿನ್‌ನ ಕೆಲಸ ಲೆಕ್ಕಕ್ಕೆ ಬಂತು. ಬಿಡಿಸುವುದು ಸುಲಭ. ಪೂಲ್ ಫೈಲನ್ನು ರೀಡ್ ರೈಟ್‌ನಲ್ಲಿ ತೆರೆದು ಶೇರ್ ರಿಸೋರ್ಸಸ್ ಒತ್ತಿದರೆ ಅದಕ್ಕೆ ಅಂಟಿಕೊಂಡ ಎಲ್ಲ ಫೈಲ್‌ಗಳ ಪಟ್ಟಿ ಬರುತ್ತದೆ. ಬೇಡದ್ದನ್ನು ಆರಿಸಿ ಬ್ರೇಕ್ ಲಿಂಕ್. ಈಗ ನಾನು ಪ್ರಾಜೆಕ್ಟ್ ಮುಚ್ಚಿದ ಮೇಲೆ, ಇಡೀ ಫೋಲ್ಡರನ್ನು ಜಿಪ್ ಮಾಡಿ ಎತ್ತಿಡುತ್ತೇನೆ.

ಫೋಲ್ಡರ್ ಮಾತು ಬಂದಾಗ ಇದನ್ನೂ ಹೇಳಿಬಿಡುತ್ತೇನೆ. ಈ ಫೈಲ್‌ಗಳು ಒಂದನ್ನೊಂದು ಹುಡುಕುವುದು ದಾರಿ ಮತ್ತು ಹೆಸರಿನಿಂದ. ಹೆಸರು ಬದಲಿಸಬೇಡಿ, ಜಾಗ ಬದಲಿಸಬೇಡಿ, ಹಳೆಯದರ ಮೇಲೆ ಬೇರೆ ಫೈಲ್ ತಂದು ಹಾಕಬೇಡಿ. ನಾನು ನೀಟಾಗಿರಲಿ ಅಂತ ಮುಗಿಯದ ಆರ್ಡರ್‌ಗಳಿಗೆ ಹೊಸ ಫೋಲ್ಡರ್ ಮಾಡಿ ಫೈಲ್ ಎಳೆದು ಹಾಕಿದೆ. ಲಿಂಕ್ ಕಡಿದು ಮತ್ತೆ ಕಟ್ಟಲು ಒಂದು ಶನಿವಾರ ಹೋಯಿತು.

ಮೂರನೇ ವಾರ ಅಭ್ಯಾಸ ಆಗುವ ವಾರ. ಒಂದು ದಿನ ನಾನು ಪೂಲ್ ಅನ್ನು ರೀಡ್ ರೈಟ್‌ನಲ್ಲಿ ತೆರೆದಿಟ್ಟು, ಗಿರಾಕಿ ಬಂದರು ಅಂತ ಕೆಳಗಿಳಿದು ಹೋದೆ. ಮಧ್ಯಾಹ್ನದ ತನಕ ಮೇಡಂಗೆ ಪೂಲ್ ಅಪ್‌ಡೇಟ್ ಮಾಡಲು ಆಗಲಿಲ್ಲ. ಒಬ್ಬರು ರೀಡ್ ರೈಟ್‌ನಲ್ಲಿ ತೆರೆದರೆ ಉಳಿದವರಿಗೆ ಬೀಗ. ದಿನದ ಕೆಲಸಕ್ಕೆ ರೀಡ್ ಓನ್ಲಿ ಸಾಕು. ಅದರಲ್ಲಿ ತೆರೆದು ನಮ್ಮ ಫೈಲ್ ಸೇವ್ ಮಾಡುವಾಗ, ಪೂಲ್‌ಗೂ ಇದನ್ನು ತಿಳಿಸಲಾ ಅಂತ ಪ್ರಾಜೆಕ್ಟ್ ಕೇಳುತ್ತದೆ. ಓಕೆ ಒತ್ತಿ. ಅವಸರದಲ್ಲಿ ಕ್ಯಾನ್ಸಲ್ ಒತ್ತುವವರೇ ಜಾಸ್ತಿ, ಮೊದಲ ದಿನ ನಾನೂ ಒತ್ತಿದ್ದೆ. ಇನ್ನೊಬ್ಬರು ಮಾಡಿದ ಬದಲಾವಣೆ ನಮಗೆ ಕಾಣಬೇಕಾದರೆ ರಿಫ್ರೆಶ್ ರಿಸೋರ್ಸ್ ಪೂಲ್. ಬೆಳಿಗ್ಗೆ ಬಂದ ತಕ್ಷಣ ಒಮ್ಮೆ, ಊಟ ಆದ ಮೇಲೆ ಒಮ್ಮೆ ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ.

ಖರ್ಚು? ಹೊಸದಾಗಿ ದುಡ್ಡು ಕೊಟ್ಟು ಏನೂ ತಂದಿಲ್ಲ, ಇದ್ದ ಸಾಫ್ಟ್‌ವೇರ್‌ನಲ್ಲೇ ಆಯಿತು. ಹೋಗಿದ್ದು ಆರೇಳು ಸಂಜೆ, ಒಂದು ಶನಿವಾರ, ಅಸೆಂಬ್ಲಿ ಇನ್‌ಚಾರ್ಜ್ ನನ್ನ ಜೊತೆ ಕೂತು ಕುಡಿಯುತ್ತಿದ್ದ ಟೀ. ಅದು ಇನ್ನೂ ವಾಪಸ್ ಬಂದಿಲ್ಲ.

ಶುಕ್ರವಾರ ಮಧ್ಯಾಹ್ನ ಮಂಜು ಬಂದ. ಕೈಯಲ್ಲಿ ಅರಿಶಿನ ಹಚ್ಚಿದ ಕವರ್. ತಂಗಿ ಮದುವೆ, ತುರುವೇಕೆರೆಯಲ್ಲಿ. ನಾಲ್ಕು ದಿನ ರಜೆ ಬೇಕು. ಮೊದಲಾಗಿದ್ದರೆ ನಾಲ್ಕು ಫೈಲ್‌ನಲ್ಲಿ ಬರೆಯಬೇಕಿತ್ತು, ಎರಡರಲ್ಲಿ ಮರೆಯುತ್ತಿದ್ದೆ. ಪೂಲ್ ಅನ್ನು ರೀಡ್ ರೈಟ್‌ನಲ್ಲಿ ತೆರೆದು, ಅವನ ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಚೇಂಜ್ ವರ್ಕಿಂಗ್ ಟೈಮ್‌ನಲ್ಲಿ ನಾಲ್ಕು ದಿನ ರಜೆ ಹಾಕಿ ಸೇವ್ ಮಾಡಿ ಮುಚ್ಚಿದೆ. ಮೇಡಂ ತಮ್ಮ ಕಡೆ ಫೈಲ್ ತೆರೆದು ನೋಡಿ, "ನನ್ನದೊಂದು ಟ್ರಯಲ್ ಮುಂದಕ್ಕೆ ಹೋಯ್ತು," ಅಂತ ಕೂಗಿದರು. ಮಂಜು ನನ್ನ ಸ್ಕ್ರೀನ್ ಮೇಲಿನ ತನ್ನ ಸಾಲನ್ನು ಬೆರಳಿಟ್ಟು ನೋಡುತ್ತಾ ನಿಂತಿದ್ದ.

"ನೀವೂ ಬರ್ಬೇಕು ಸಾರ್, ಮೇಡಂನೂ ಕರ್ಕೊಂಡು. ನಿಮ್ಮ ಹೆಸ್ರಿಗೂ ಆ ದಿನ ರಜೆ ಹಾಕ್ಕೊಳಿ."

ಹಾಕೋಣ ಅಂತ ಪಟ್ಟಿ ಮೇಲೆ ಕೆಳಗೆ ಆಡಿಸಿದೆ. 17 ಹೆಸರಲ್ಲಿ ನನ್ನದೂ ಇಲ್ಲ, ಮೇಡಂದೂ ಇಲ್ಲ. ಗಿರಾಕಿ ಇನ್‌ಸ್ಪೆಕ್ಷನ್‌ಗೆ ಬರುವ ದಿನವೆಲ್ಲ ಮೆಷಿನ್ ಪಕ್ಕ ನಿಲ್ಲುವುದು ನಾವಿಬ್ಬರೇ. ಸೋಮವಾರ ಇನ್ನೆರಡು ಸಾಲು ಸೇರಿಸಬೇಕು.